ಎಐಗೆ ನಮ್ಮ ಕಾಮೆಂಟುಗಳ ಬಾಯಿ ತೊಳೆಯಲು ಆಗುತ್ತದಾ? ಒಬ್ಬ ಯಕ್ಷಗಾನ ಗ್ರೂಪ್ ಅಡ್ಮಿನ್‌ನ ಪ್ರಶ್ನೆ

ಚೌಕಿ_ಕಾವಲುಗಾರ (ಉಡುಪಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ. ಚಾ ಇಟ್ಟುಕೊಂಡೇ ಓದಿ.

ಉಡುಪಿ ಕಡೆಯ ಒಂದು ಯಕ್ಷಗಾನ ಅಭಿಮಾನಿಗಳ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. ಎಂಟುನೂರು ಚಿಲ್ಲರೆ ಜನ ಇದ್ದೇವೆ. ಜೊತೆಗೆ ಒಂದು ಫೇಸ್‌ಬುಕ್ ಪೇಜೂ ಇದೆ. ಪತ್ತನಾಜೆ (ಯಕ್ಷಗಾನದ ಋತು ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ಆಟಕ್ಕಿಂತ ಜಗಳವೇ ಜಾಸ್ತಿ. ಹೊರಗೆ ಮಳೆ, ಕೈಯಲ್ಲಿ ಫೋನು. ತೆಂಕೋ ಬಡಗೋ (ಯಕ್ಷಗಾನದ ಎರಡು ಶೈಲಿ) ಅಂತ ಯಾರಾದರೂ ಒಂದು ಕಡ್ಡಿ ಗೀರಿದರೆ ಸಾಕು, ರಾತ್ರಿ ಎರಡು ಗಂಟೆಯವರೆಗೆ ಉರಿಯುತ್ತದೆ. ಅದು ನಮಗೆ ಅಭ್ಯಾಸ. ನಾನೂ ಸುಮ್ನೆ ನೋಡಿಕೊಂಡು ಇರುತ್ತಿದ್ದೆ.

ಈ ಸಲ ಆದದ್ದು ಬೇರೆ. ಮಕ್ಕಳ ಒಂದು ಯಕ್ಷಗಾನ ಆಟ. ಒಂಬತ್ತನೇ ಕ್ಲಾಸಿನ ಹುಡುಗಿಯದ್ದು ಅಭಿಮನ್ಯು. ತಲೆಗೆ ಕಟ್ಟುವ ಕೇದಗೆ ಮುಂದಲೆ ಸ್ವಲ್ಪ ವಾಲಿತ್ತು. ದಿಗಿಣ (ಹಾರಿ ತಿರುಗುವ ಕುಣಿತ) ಹಾಕಿ ನಿಂತವಳಿಗೆ ಮಾತು ಮರೆತುಹೋಯಿತು. ಎರಡು ಸಲ ತಿರುಗಿ ಚೆಂಡೆಯವರ ಮುಖ ನೋಡಿದಳು. ಭಾಗವತರು ಪದ್ಯದ ಕೊನೇ ಸಾಲನ್ನೇ ಇನ್ನೊಮ್ಮೆ ಎತ್ತಿ ಅವಳನ್ನು ದಾಟಿಸಿದರು. ಕೂತು ನೋಡುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. ನಾನೂ ಅಲ್ಲಿದ್ದೆ, ನನಗೂ ಗೊತ್ತಾಗಲಿಲ್ಲ. ಆದರೆ ಯಾರೋ ಆ 22 ಸೆಕೆಂಡನ್ನು ಮಾತ್ರ ಕತ್ತರಿಸಿ ಪೇಜಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ 140 ಕಾಮೆಂಟು.

ಮಾರನೇ ದಿನ ಮಧ್ಯಾಹ್ನ ಹುಡುಗಿಯ ಅಮ್ಮ ಮೆಸೇಜ್ ಮಾಡಿದರು. "ಅಣ್ಣ, ಇನ್ನು ತರಗತಿಗೆ ಹೋಗುವುದಿಲ್ಲ ಅಂತಿದ್ದಾಳೆ. ಆ ವಿಡಿಯೊ ತೆಗೆಯಲಿಕ್ಕಾಗುತ್ತದಾ?" ಕೂಡಲೇ ತೆಗೆದೆ. ಆದರೆ ಅಷ್ಟರಲ್ಲಿ ಅದು ಎಲ್ಲೆಲ್ಲಿ ಹೋಗಿತ್ತೋ.

ಇನ್ನು ಮುಂದೆ ಹೀಗಾಗಬಾರದು ಅಂತ ಎಐ ಕಡೆ ತಿರುಗಿದೆ. ಮಗನ ಫೋನಿನಲ್ಲಿದ್ದ ಚಾಟ್‌ಬಾಟ್‌ಗೆ, ಮೊದಲೇ ಕಾಪಿ ಮಾಡಿಟ್ಟಿದ್ದ 40 ಕಾಮೆಂಟು ಅಂಟಿಸಿ, "ಇದರಲ್ಲಿ ಮರ್ಯಾದೆ ಇಲ್ಲದ್ದು ಯಾವುದು ಹೇಳು" ಅಂದೆ. ಅರ್ಧ ನಿಮಿಷದಲ್ಲಿ ಪಟ್ಟಿ ಬಂತು. ನೇರವಾಗಿ ಕೆಟ್ಟ ಶಬ್ದ ಇದ್ದ ಏಳೆಂಟನ್ನು ಸರಿಯಾಗಿಯೇ ಹಿಡಿದಿತ್ತು. ಖುಷಿಯಾಯಿತು. ಆಮೇಲೆ ನೋಡಿದರೆ ಅದೇ ಪಟ್ಟಿಯಲ್ಲಿ ಇದೂ ಇದೆ:

"ಎಂಚಿ ಸಾವು ಮಾರ್ರೆ, ಬಾರಿ ಶೋಕಾತ್ಂಡ್!"

ತುಳುವಿನಲ್ಲಿ ಇದು 'ಎಂಥ ಸಾವು ಮಾರಾಯ್ರೆ, ಭಾರೀ ಚಂದ ಆಯಿತು' ಅನ್ನುವ ಹೊಗಳಿಕೆ. ಎಐ ಕೊಟ್ಟ ಕಾರಣ, ಸಾವಿನ ಬಗ್ಗೆ ಮಾತಾಡಿದ್ದಾರೆ. ಅದರ ಕೆಳಗೆ ಇನ್ನೊಂದು: "ಅಭಿಮನ್ಯುವನ್ನು ಕೊಲ್ಲುವಲ್ಲಿ ಇನ್ನೂ ಸ್ವಲ್ಪ ಎಳೆಯಬಹುದಿತ್ತು." ಕಾರಣ, ಹಿಂಸೆ.

ತೊಂದರೆ ಇಲ್ಲ ಅಂತ ಬಿಟ್ಟದ್ದು ಯಾವುದನ್ನು ಗೊತ್ತಾ?

"ಬಹಳ ಚೆನ್ನಾಗಿದೆ. ತಾಯಿಯವರು ಮುಂದಿನ ವರ್ಷ ಇವರನ್ನು ಭರತನಾಟ್ಯಕ್ಕೆ ಸೇರಿಸಿದರೆ ಯಕ್ಷಗಾನಕ್ಕೆ ದೊಡ್ಡ ಉಪಕಾರವಾದೀತು. ವಂದನೆಗಳು."

ಕೊನೆಗೆ ಎರಡು ಕೈಮುಗಿದ ಎಮೋಜಿ. "ಸೌಜನ್ಯದ ಸಲಹೆ" ಅಂತ ಎಐ ಷರಾ ಬೇರೆ ಬರೆದಿತ್ತು. ಆ ಅಮ್ಮ ನನಗೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದು ಸರಿಯಾಗಿ ಇದೇ ಕಾಮೆಂಟಿನದ್ದು.

ಈಗ ಹೇಳಿ. ಇದರಿಂದ ಏನಾದರೂ ಉಪಯೋಗ ಉಂಟಾ, ಅಥವಾ ನಾನು ಸುಮ್ನೆ ಟೈಂಪಾಸ್ ಮಾಡುತ್ತಿದ್ದೇನಾ?

ಗೋಳಿಬಜೆ_ಪ್ರಿಯ (ಮಂಗಳೂರು)

ಎಂಚಿ ಸಾವು ಮಾರ್ರೆ ಇದು! (ಡಿಲೀಟ್ ಮಾಡಬೇಡಿ.)

ಘಟ್ಟದ ಮೇಲಿನವರು ಓದುತ್ತಿದ್ದರೆ ಅವರಿಗೆ ಒಂದು ಮಾತು. ನಮ್ಮಲ್ಲಿ ಮಳೆ ಬಂದರೂ ಸಾವು, ಬಸ್ಸು ತಪ್ಪಿದರೂ ಸಾವು, ಪಾಯಸ ಭಾರೀ ಚೆನ್ನಾಗಿದ್ದರೂ ಸಾವು. ಹಂಪನಕಟ್ಟೆ ಸಿಗ್ನಲಿನಲ್ಲಿ ಹತ್ತು ನಿಮಿಷ ನಿಂತರೆ ಐವತ್ತು ಸಾವು ಕೇಳಿಸುತ್ತದೆ. ಒಬ್ಬನೂ ಸತ್ತಿರುವುದಿಲ್ಲ.

ಮಣಿಪಾಲದ_ಕೋಡರ್

ಅಡ್ಮಿನ್ ಅಣ್ಣ, ನಿಮ್ಮದು ಟೈಂಪಾಸ್ ಅಲ್ಲ. ದೊಡ್ಡ ಕಂಪನಿಗಳೂ ಇದೇ ಗುಂಡಿಗೆ ಬಿದ್ದಿವೆ.

ಗೂಗಲ್‌ನ ಜಿಗ್‌ಸಾ ತಂಡ 2017ರಲ್ಲಿ ಪರ್ಸ್‌ಪೆಕ್ಟಿವ್ ಅಂತ ಒಂದು ಸಾಧನ ಬಿಟ್ಟಿತು. ಒಂದು ವಾಕ್ಯ ಕೊಟ್ಟರೆ 0ಯಿಂದ 1ರ ಒಳಗೆ ಅಂಕ ಕೊಡುತ್ತದೆ. 0.8 ಬಂತು ಅಂದರೆ ಆ ಮಾತು ಅಷ್ಟು ಕೆಟ್ಟದ್ದು ಅಂತ ಅರ್ಥ ಅಲ್ಲ. ಹತ್ತು ಜನ ಓದಿದರೆ ಎಂಟು ಜನಕ್ಕೆ ಅದು ಕೆಟ್ಟದ್ದು ಅನ್ನಿಸಬಹುದು ಅನ್ನುವ ಅಂದಾಜು, ಅಷ್ಟೇ. ಆ ಹತ್ತು ಜನ ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅವರಲ್ಲಿ ಒಬ್ಬರೂ ಹಂಪನಕಟ್ಟೆ ಸಿಗ್ನಲಿನಲ್ಲಿ ನಿಂತವರಲ್ಲ.

ಅಭಿಮನ್ಯುವಿನ ಕಥೆಗೆ ಜೋಡಿ ಕಥೆಯೊಂದಿದೆ. 2020ರಲ್ಲಿ ಕ್ರೊಯೇಷಿಯಾದ ಒಬ್ಬ ಚೆಸ್ ಯೂಟ್ಯೂಬರ್‌ನ ಚಾನೆಲ್ ಇದ್ದಕ್ಕಿದ್ದಂತೆ ಬಂದ್ ಆಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ, ಮತ್ತೆ ವಾಪಸ್ ಬಂತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಅನುಮಾನ ಬಂದು, ಚೆಸ್ ಚಾನೆಲ್‌ಗಳ 6,80,000ಕ್ಕೂ ಹೆಚ್ಚು ಕಾಮೆಂಟುಗಳನ್ನು ದ್ವೇಷದ ಮಾತು ಹಿಡಿಯುವ ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿದರು. ಅದು ಹಿಡಿದುಕೊಟ್ಟದ್ದರಲ್ಲಿ 1,000 ಆರಿಸಿ ಮನುಷ್ಯರೇ ಓದಿದಾಗ ನೂರಕ್ಕೆ 80ಕ್ಕೂ ಹೆಚ್ಚು ತಪ್ಪು. ಚೆಸ್‌ನಲ್ಲಿ ಕರಿ, ಬಿಳಿ, ದಾಳಿ, ಬೆದರಿಕೆ ಇಲ್ಲದೆ ಮಾತೇ ಇಲ್ಲವಲ್ಲ. ಯಕ್ಷಗಾನದಲ್ಲಿ ವಧೆ, ಕಾಳಗ, ಸಂಹಾರ ಇಲ್ಲದ ಪ್ರಸಂಗ ಎಷ್ಟಿದೆ ಹೇಳಿ?

ನಮ್ಮ ಭಾಷೆಗಳ ಸಮಸ್ಯೆ ಇನ್ನೊಂದು ಹಂತದ್ದು. ಇಂಗ್ಲಿಷಿನಲ್ಲಿ ಒಂದೇ ಸಂಗ್ರಹದಲ್ಲಿ 18 ಲಕ್ಷ ಕಾಮೆಂಟುಗಳಿಗೆ ಜನ ಗುರುತು ಹಾಕಿಟ್ಟಿದ್ದಾರೆ. ಕನ್ನಡ-ಇಂಗ್ಲಿಷ್ ಬೆರೆತ ಯೂಟ್ಯೂಬ್ ಕಾಮೆಂಟುಗಳದ್ದು 2020ರಲ್ಲಿ ಒಂದು ಸಂಗ್ರಹ ಬಂತು, ಏಳು ಸಾವಿರ ಚಿಲ್ಲರೆ. ತುಳುವಿನದ್ದು 2022ರಲ್ಲಿ, ಮಂಗಳೂರು ವಿಶ್ವವಿದ್ಯಾಲಯದವರು ಸೇರಿ ಮಾಡಿದ್ದು. ಅದೂ ಏಳು ಸಾವಿರದ ಮೇಲೆ ಸ್ವಲ್ಪ. ಮಾಡಿದವರಿಗೆ ಕೈಮುಗಿಯಬೇಕು. ಆದರೆ ನಿಮ್ಮ ಗ್ರೂಪಿನ ಒಂದು ಮಳೆಗಾಲದ ಜಗಳ ಅದಕ್ಕಿಂತ ಉದ್ದ ಇರಬಹುದು.

ಬ್ರಹ್ಮಾವರದ_ಮೇಷ್ಟ್ರು

ನಾನು ನಿವೃತ್ತ ಕನ್ನಡ ಮೇಷ್ಟ್ರು. ಕಂಪ್ಯೂಟರ್ ಬಗ್ಗೆ ನನ್ನ ಜ್ಞಾನ ಮೊಮ್ಮಗಳು ಕಲಿಸಿದಷ್ಟೇ. ಆದರೆ ಆ ಭರತನಾಟ್ಯದ ಕಾಮೆಂಟಿನ ಬಗ್ಗೆ ಹೇಳುವುದಿದೆ.

ಅದರಲ್ಲಿ ಒಂದೂ ಕೆಟ್ಟ ಶಬ್ದ ಇಲ್ಲ. ಬಹುವಚನ ಇದೆ, ವಂದನೆ ಇದೆ. ಅದೇ ಅದರ ವಿಷ. ನಮ್ಮ ಮನೆಯಲ್ಲಿ ಅಣ್ಣ ನನಗೆ ಜೀವಮಾನದಲ್ಲಿ ಮೂರೇ ಸಲ "ನೀವು" ಅಂದದ್ದು. ಮೂರು ಸಲವೂ ಆಸ್ತಿಯ ಮಾತು ಬಂದಾಗ. "ಮಾರಾಯ" ಅಂತ ಬೈಸಿಕೊಂಡರೆ ರಾತ್ರಿ ನಿದ್ರೆ ಬರುತ್ತಿತ್ತು. "ನೀವು ಕೂತ್ಕೊಳ್ಳಿ" ಅಂದ ರಾತ್ರಿ ಬರಲಿಲ್ಲ.

ಕರಾವಳಿಯ ಮರ್ಯಾದೆ ಶಬ್ದದಲ್ಲಿಲ್ಲ, ಯಾರು ಯಾರಿಗೆ ಯಾವಾಗ ಹೇಳಿದರು ಅನ್ನುವುದರಲ್ಲಿದೆ. ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಹಿಡಿದು ನಿಲ್ಲಿಸಿ ಕೇಳಿದರೆ ಎದುರಿನವರು ಬೆವರಬೇಕು. ಸಭೆಯವರಿಗೆ ಒಂದು ಗಳಿಗೆ ರಾಮನೇ ತಪ್ಪು ಅನ್ನಿಸಬೇಕು. ಅಷ್ಟು ಹರಿತ. ಆದರೆ ಆ ಮಾತು ಎದುರಿನ ಪಾತ್ರದ ನಡತೆಗೆ ತಾಗುತ್ತಿತ್ತು, ಪಕ್ಕದಲ್ಲಿ ಕೂತ ಮನುಷ್ಯನಿಗಲ್ಲ. ಮಂಗಳ ಹಾಡಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು. (ಯಾವಾಗಲೂ ಅಲ್ಲ. ವರ್ಷಗಟ್ಟಲೆ ಮಾತು ಬಿಟ್ಟವರೂ ಇದ್ದಾರೆ. ಸುಳ್ಳು ಹೇಳಬಾರದು.)

ಯಂತ್ರಕ್ಕೆ ವಾಲಿಯ ಮಾತು ಕೊಟ್ಟರೆ "ಆಕ್ರಮಣಕಾರಿ" ಅಂತ ಬರುತ್ತದೆ ಅಂತ ನನ್ನ ಅನುಮಾನ.

ಪಡುಬಿದ್ರೆ_ಕಿಚನ್

ಮೇಷ್ಟ್ರೇ, ನೀವು ಹೇಳಿದ್ದು ಚಂದ ಇದೆ. ಆದರೆ ನನ್ನ ಪಾಡು ಬೇರೆ.

ನಾನು ಮೀನಿನ ಅಡುಗೆ ರೀಲ್ ಮಾಡುತ್ತೇನೆ. ಬಂಗುಡೆ ಪುಳಿಮುಂಚಿ, ಮರುವಾಯಿ ಸುಕ್ಕ, ಅಂಥದ್ದು. ವಿಡಿಯೊದಲ್ಲಿ ನನ್ನ ಕೈ ಮಾತ್ರ ಕಾಣುತ್ತದೆ. ಆ ಕೈ ನೋಡಿಯೂ ಬರೆಯುವವರಿದ್ದಾರೆ. ಏನು ಬರೆಯುತ್ತಾರೆ ಅಂತ ಇಲ್ಲಿ ಹಾಕಲಿಕ್ಕೆ ಮನಸ್ಸಿಲ್ಲ. ಅದು ತಾಳಮದ್ದಳೆ ಅಲ್ಲ. ಅದರಲ್ಲಿ ಅರ್ಥ ಹುಡುಕುವ ಕೆಲಸವೂ ಇಲ್ಲ.

ಇನ್‌ಸ್ಟಾಗ್ರಾಂನಲ್ಲಿ 2021ರಿಂದ ಹಿಡನ್ ವರ್ಡ್ಸ್ ಅಂತ ಇದೆ. ನಾವು ಪಟ್ಟಿ ಕೊಟ್ಟರೆ ಆ ಶಬ್ದ ಇರುವ ಕಾಮೆಂಟು ಅಡಗುತ್ತದೆ. ನನ್ನ ಪಟ್ಟಿಯಲ್ಲಿ 63 ಇವೆ. ನಿಜವಾದ ಶಬ್ದ ಹನ್ನೊಂದೋ ಹನ್ನೆರಡೋ. ಉಳಿದದ್ದೆಲ್ಲ ಅದೇ ಶಬ್ದದ ಬೇರೆ ಬೇರೆ ಸ್ಪೆಲ್ಲಿಂಗು. ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದರೆ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಮಧ್ಯದಲ್ಲಿ ಚುಕ್ಕಿ ಇಡುತ್ತಾರೆ, ಸೊನ್ನೆ ಹಾಕುತ್ತಾರೆ. ಒಂದು ಭಾನುವಾರ ಇಡೀ ಕೂತು ಆ ಶಬ್ದಗಳನ್ನು ನಾನೇ ನನ್ನ ಕೈಯಾರೆ ಟೈಪ್ ಮಾಡಿದ್ದೇನೆ. ಅಂದರೆ ಬೈಗುಳದಿಂದ ತಪ್ಪಿಸಿಕೊಳ್ಳಲು ಎಲ್ಲ ಬೈಗುಳ ನಾನೇ ಬರೆಯಬೇಕು. ಯೋಚನೆ ಮಾಡಿ.

ಹಾಗಾಗಿ ಅರ್ಧಂಬರ್ಧ ತುಳು ಬರುವ ಎಐ ಬಂದರೂ ನನಗೆ ಬೇಕು. ಹತ್ತರಲ್ಲಿ ಎರಡು ಒಳ್ಳೆ ಕಾಮೆಂಟು ಹೋದರೆ ಹೋಗಲಿ. ಎಐಗೆ ಸುಸ್ತಾಗುವುದಿಲ್ಲ, ರಾತ್ರಿ ಬೇಜಾರಾಗುವುದಿಲ್ಲ. ನನಗೆ ಆಗುತ್ತದೆ.

ಇನ್ನೊಂದು. ಎಐ ದಯೆ ಕಲಿಸುತ್ತದೆ ಅನ್ನುವವರಿಗೆ 2023ರ ನವೆಂಬರ್ ನೆನಪಿರಲಿ. ರಶ್ಮಿಕಾ ಮಂದಣ್ಣ ಮುಖವನ್ನು ಬೇರೆ ಹೆಂಗಸಿನ ವಿಡಿಯೊಗೆ ಅಂಟಿಸಿದ್ದು ಇದೇ ಎಐ. ಅಷ್ಟು ದೊಡ್ಡ ನಟಿಗೆ ಹಾಗಾದರೆ ಕೈ ಮಾತ್ರ ತೋರಿಸುವ ನಮ್ಮಂಥವರು ಯಾವ ಲೆಕ್ಕ?

ಗೋಳಿಬಜೆ_ಪ್ರಿಯ

ಅಕ್ಕ, ಕ್ಷಮಿಸಿ. ಮೇಲೆ ತಮಾಷೆ ಮಾಡಿಕೊಂಡು ಕೂತಿದ್ದೆ. 63 ಅಂತ ಓದಿ ಸುಮ್ಮನಾದೆ.

ಕುಂದಾಪ್ರದವ

ಹ್ವಾಯ್, ಎಲ್ಲ ಸರಿ. ಮಷೀನು ನಮ್ಗೆ ಮರ್ಯಾದೆ ಕಲ್ಸುದ್ ಅಂಬ್ರಾ?

ನನಗೆ ಇದು ಹಿಡಿಸುವುದಿಲ್ಲ. ಅಡ್ಮಿನ್‌ಗೆ ನೇರ ಪ್ರಶ್ನೆ. ಆ 40 ಕಾಮೆಂಟು ಚಾಟ್‌ಬಾಟ್‌ಗೆ ಹಾಕುವಾಗ ಹೆಸರು ಅಳಿಸಿದ್ದಿರಾ? ಅದರಲ್ಲಿ ನನ್ನದೂ ಒಂದು ಇರಬಹುದು. ನಾನು ಬರೆದದ್ದು ನಿಮ್ಮ ಪೇಜಿನ ಜನ ಓದಲಿ ಅಂತ. ಎಲ್ಲೋ ಇರುವ ಕಂಪನಿಯ ಸರ್ವರ್‌ಗೆ ಕಳಿಸಿ ಅಂತ ನಾನು ಹೇಳಿಲ್ಲ. ಹುಡುಗಿಯ ಹೆಸರೂ ಹೋಯಿತಾ ಹಾಗಾದರೆ? ವೈಯಕ್ತಿಕ ಮಾಹಿತಿ ಕಾಪಾಡಲಿಕ್ಕೆ 2023ರಲ್ಲಿ ದೇಶಕ್ಕೆ ಒಂದು ಕಾನೂನೇ ಬಂದಿದೆ.

ಮತ್ತೆ ನಮ್ಮ ಕುಂದಗನ್ನಡ ಕೇಳಿದರೆ ಮನುಷ್ಯರೇ "ಜಗಳ ಆಡ್ತಿದ್ದೀರಾ" ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಪಕ್ಕದವ ಎದ್ದು ಬೇರೆ ಸೀಟಿಗೆ ಹೋಗಿದ್ದಾನೆ. ಮಷೀನು ಏನು ಮಾಡೀತು?

ಚೌಕಿ_ಕಾವಲುಗಾರ

ಹೆಸರಿನ ವಿಷಯದಲ್ಲಿ ತಪ್ಪು ನನ್ನದೇ. ಅಳಿಸಿರಲಿಲ್ಲ. ಹೊಳೆಯಲೇ ಇಲ್ಲ. ಹುಡುಗಿಯ ಹೆಸರು ಒಂದು ಕಾಮೆಂಟಿನಲ್ಲಿ ಇತ್ತು, ಈಗ ನೋಡಿದೆ. ಆ ಚಾಟ್ ಡಿಲೀಟ್ ಮಾಡಿದ್ದೇನೆ. ಅದರಿಂದ ಎಷ್ಟು ಉಪಯೋಗವೋ ದೇವರಿಗೇ ಗೊತ್ತು. ನೀವು ಕೇಳಿದ್ದು ಒಳ್ಳೆಯದಾಯಿತು.

ಬಂದರು_ಹುಡುಗ (ಮಂಗಳೂರು)

ನಾನು ಧಕ್ಕೆಯಲ್ಲಿ (ಮೀನಿನ ಬಂದರಿನಲ್ಲಿ) ಮೀನಿನ ವ್ಯಾಪಾರದವನು. ಮನೆಯಲ್ಲಿ ಬ್ಯಾರಿ ಭಾಷೆ, ಕೆಲಸದಲ್ಲಿ ತುಳು, ಇಲ್ಲಿ ಕನ್ನಡ. ಗೂಗಲ್ ಅನುವಾದಕ್ಕೆ 2022ರಲ್ಲಿ ಕೊಂಕಣಿ ಬಂತು, 2024ರಲ್ಲಿ ತುಳು ಬಂತು. ನಮ್ಮದಕ್ಕೆ ಕಾಯುತ್ತಿದ್ದೇವೆ. ಬೈಗುಳ ಹಿಡಿಯಲಿಕ್ಕಾದರೂ ಬರಲಿ.

ನನ್ನ ತಕರಾರು ಬೇರೆ. ಬೈದರೆ ಬೈಯಲಿ, ನಾನು ಬೆಳಗ್ಗೆ ನಾಲ್ಕು ಗಂಟೆಗೆ ಹರಾಜಿನಲ್ಲಿ ನಿಂತವನು, ಕೇಳದ ಬೈಗುಳ ಇಲ್ಲ. ಧಕ್ಕೆಯಲ್ಲಿ ಬೈದವ ಎದುರಿಗೇ ಇರುತ್ತಾನೆ. ಎಂಟು ಗಂಟೆಗೆ ಅವನ ಜೊತೆಗೇ ಚಾ ಕುಡಿಯುತ್ತೇನೆ. ನನಗೆ ಹೆದರಿಕೆ ಬೈಗುಳದ್ದಲ್ಲ, ಫಾರ್ವರ್ಡಿನದ್ದು. ನಮ್ಮ ಜಿಲ್ಲೆಯಲ್ಲಿ ಒಂದು ವಾಯ್ಸ್ ಮೆಸೇಜು ಸಾಕು, ಅಂಗಡಿ ಬಾಗಿಲು ಹಾಕಬೇಕಾಗುತ್ತದೆ. 2019ರ ಡಿಸೆಂಬರಿನಲ್ಲಿ ಇಂಟರ್‌ನೆಟ್ಟೇ ಬಂದ್ ಆಗಿತ್ತು. ಆಗ ಬೋಟು ಯಾವಾಗ ಬರುತ್ತದೆ ಅಂತ ಕೇಳಲಿಕ್ಕೂ ನಡೆದುಕೊಂಡೇ ಹೋಗಬೇಕಾಯಿತು.

ಅಂಥ ಮೆಸೇಜಿನಲ್ಲಿ ಬೈಗುಳ ಇರುವುದಿಲ್ಲ. "ಎಲ್ಲರೂ ಹುಷಾರಾಗಿರಿ, ಮಕ್ಕಳನ್ನು ಹೊರಗೆ ಬಿಡಬೇಡಿ" ಅಂತ ಇರುತ್ತದೆ. ಕಾಳಜಿಯ ಮಾತು. ಎಐ ಅದಕ್ಕೆ ದಯೆ ಅಂತ ಹತ್ತಕ್ಕೆ ಹತ್ತು ಕೊಡುತ್ತದೆ. ಅದೂ ಅಲ್ಲದೆ ವಾಟ್ಸಾಪ್ ಮೆಸೇಜು ಕಳಿಸಿದವರಿಗೆ, ತೆಗೆದುಕೊಂಡವರಿಗೆ ಮಾತ್ರ ಓದಲಿಕ್ಕಾಗುವ ಹಾಗೆ ಬೀಗ ಹಾಕಿ ಹೋಗುತ್ತದೆ. ಮಧ್ಯದಲ್ಲಿ ಕೂತು ಯಾವ ಎಐ ನೋಡೀತು?

ಅಲ್ಲಿ ಕೆಲಸ ಮಾಡಿದ್ದು ಎಐ ಅಲ್ಲ, ಬರೀ ಒಂದು ಅಡ್ಡಗೋಲು. 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಜನಕ್ಕೆ ಫಾರ್ವರ್ಡ್ ಅಂತ ಮಾಡಿದರು. 2020ರಲ್ಲಿ, ತುಂಬಾ ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಅಂತ ಮಾಡಿದರು. ಅದರಿಂದ ಅಂಥ ಮೆಸೇಜು ನೂರಕ್ಕೆ 70 ಕಡಿಮೆಯಾಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಬೆರಳಿಗೆ ಸ್ವಲ್ಪ ಕಷ್ಟ ಕೊಟ್ಟದ್ದು, ಅಷ್ಟೇ.

ಮಣಿಪಾಲದ_ಕೋಡರ್

ಬಂದರು ಭಾಯಿ ಹೇಳಿದ ಈ "ಬೆರಳಿಗೆ ಕಷ್ಟ"ದಲ್ಲೇ ವಿಷಯ ಇದೆ. ಎಐಯನ್ನು ಪೊಲೀಸ್ ಮಾಡುವುದು ಒಂದು ದಾರಿ. ಕಳಿಸುವ ಮೊದಲು ಕೈ ಹಿಡಿಯುವ ಸ್ನೇಹಿತನ ಹಾಗೆ ಮಾಡುವುದು ಇನ್ನೊಂದು.

ಟ್ವಿಟರ್‌ನವರು ಎರಡನೆಯದನ್ನು ಮಾಡಿ ನೋಡಿದರು. ಯಾರಾದರೂ ಖಾರವಾದ ಉತ್ತರ ಟೈಪ್ ಮಾಡಿದರೆ, ಕಳಿಸುವ ಮೊದಲು "ಇನ್ನೊಮ್ಮೆ ನೋಡ್ತೀರಾ?" ಅಂತ ಕೇಳುವುದು. ಅಳಿಸುವುದಿಲ್ಲ, ತಡೆಯುವುದಿಲ್ಲ. 2021ರಲ್ಲಿ ಅವರು ಕೊಟ್ಟ ಲೆಕ್ಕ ಇದು: ಪ್ರಶ್ನೆ ಕಂಡವರಲ್ಲಿ 34% ಜನ ಮಾತು ಬದಲಿಸಿದರು ಅಥವಾ ಕಳಿಸಲೇ ಇಲ್ಲ. ಮೂವರಲ್ಲಿ ಒಬ್ಬರು! ಒಂದು ಸಲ ಎಚ್ಚರಿಕೆ ಕಂಡವರು ಆಮೇಲೆ ಅಂಥದ್ದನ್ನು ಬರೆಯುವುದೇ ಸರಾಸರಿ 11% ಕಡಿಮೆಯಾಯಿತು. ಮೊದಮೊದಲು ಅದೂ ಸ್ನೇಹಿತರ ತಮಾಷೆಯನ್ನು ಜಗಳ ಅಂದುಕೊಳ್ಳುತ್ತಿತ್ತಂತೆ. ಆಮೇಲೆ ಇಬ್ಬರೂ ಆಗಾಗ ಮಾತಾಡುವವರಾ ಅಂತ ಲೆಕ್ಕಕ್ಕೆ ತೆಗೆದುಕೊಂಡರು. ಮೇಷ್ಟ್ರು ಹೇಳಿದ "ಯಾರು ಯಾರಿಗೆ" ಅನ್ನುವುದೇ.

2023ರಲ್ಲಿ ಪಿಎನ್‌ಎಎಸ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಇನ್ನೊಂದು ಪ್ರಯೋಗ ಬಂತು. ಅಮೆರಿಕದಲ್ಲಿ ಬಂದೂಕು ಕಾನೂನಿನ ಬಗ್ಗೆ ಎದುರುಬದುರು ಅಭಿಪ್ರಾಯ ಇರುವ 1,500ಕ್ಕೂ ಹೆಚ್ಚು ಜನರನ್ನು ಜೋಡಿ ಜೋಡಿಯಾಗಿ ಚಾಟ್ ಮಾಡಿಸಿದರು. ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಎಐ ಬದಲಿ ವಾಕ್ಯ ತೋರಿಸುತ್ತಿತ್ತು. ತೆಗೆದುಕೊಳ್ಳಬಹುದು, ತಿದ್ದಬಹುದು, ಬಿಡಬಹುದು. ಎದುರಿನವರಿಗೆ ಮಾತುಕತೆ ಹೆಚ್ಚು ಹಿತ ಅನ್ನಿಸಿತು. ಬಂದೂಕಿನ ಬಗ್ಗೆ ಅಭಿಪ್ರಾಯ ಮಾತ್ರ ಇದ್ದಲ್ಲೇ ಇತ್ತು. ನನಗೆ ಇಷ್ಟವಾದದ್ದು ಅದೇ. ತೆಂಕಿನವರು ತೆಂಕಿನವರೇ ಆಗಿರಲಿ, ಬಡಗಿನವರು ಬಡಗೇ.

ಚೌಕಿ_ಕಾವಲುಗಾರ

ಇದನ್ನು ಓದಿ ಮೊನ್ನೆ ನಾನೇ ಪ್ರಯೋಗ ಮಾಡಿದೆ. ಆ ಭರತನಾಟ್ಯದ ಮಹಾನುಭಾವರಿಗೆ ಖಾಸಗಿಯಾಗಿ ಬರೆಯಬೇಕಿತ್ತು. ವಯಸ್ಸಿನಲ್ಲಿ ದೊಡ್ಡವರು. ಊರಿನಲ್ಲಿ ಹೆಸರಿದೆ. ನಾನು ಸಿಟ್ಟಿನಲ್ಲಿ ಟೈಪ್ ಮಾಡಿದ್ದು ಇದು:

"ನಿಮ್ಮ ಮಂಡೆ ಸಮ ಇದೆಯಾ ಮಾರಾಯ್ರೆ? ಅವಳಿಗೆ ಹದಿನಾಲ್ಕು ವರ್ಷ. ನೀವು ಮೊದಲ ಸಲ ತಾಳಮದ್ದಳೆಯಲ್ಲಿ ಅರ್ಥ ಹೇಳಿದಾಗ ತೊದಲಿದ್ದು ನಮ್ಮ ಅಪ್ಪನಿಗೆ ಗೊತ್ತುಂಟು."

ಚಾಟ್‌ಬಾಟ್‌ಗೆ ಕೊಟ್ಟು ಸ್ವಲ್ಪ ಮೆದು ಮಾಡು ಅಂದೆ. (ಈ ಸಲ ಹೆಸರು ಇಲ್ಲ, ಕುಂದಾಪ್ರದವರೇ.) ಬಂದದ್ದು:

"ಆತ್ಮೀಯರೇ, ನಿಮ್ಮ ಅಭಿಪ್ರಾಯವನ್ನು ನಾನು ಗೌರವಿಸುತ್ತೇನೆ. ಆದಾಗ್ಯೂ, ಯುವ ಕಲಾವಿದರನ್ನು ಪ್ರೋತ್ಸಾಹಿಸುವುದು ನಮ್ಮೆಲ್ಲರ ಜವಾಬ್ದಾರಿಯಾಗಿದೆ ಎಂದು ನಾನು ಭಾವಿಸುತ್ತೇನೆ."

ಓದಿದರೆ ಬ್ಯಾಂಕಿನಿಂದ ಬಂದ ಪತ್ರದ ಹಾಗಿದೆ. ನಮ್ಮಲ್ಲಿ ಯಾರು "ಆದಾಗ್ಯೂ" ಅಂತಾರೆ? ಆದರೂ ಸೋಮಾರಿತನಕ್ಕೆ ಅದನ್ನೇ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಇದು ನೀನು ಬರ್ದದ್ದಲ್ಲ. ನಿನ್ನ ಅಪ್ಪನಿಗೆ ಗೊತ್ತಾದರೆ ಬೇಜಾರು ಮಾಡ್ಕೊಳ್ತಾರೆ."

ಅಲ್ಲಿಗೆ ನನ್ನ ಮಾನ ಹೋಯಿತು.

ಮಣಿಪಾಲದ_ಕೋಡರ್

ನಗಬಾರದು, ಆದರೂ ನಕ್ಕೆ. ಇದಕ್ಕೂ ಅಧ್ಯಯನ ಇದೆ ಅಣ್ಣ. 2023ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಮಾಡಿದ್ದು. ಚಾಟ್‌ನಲ್ಲಿ ಎಐ ಕೊಡುವ ರೆಡಿಮೇಡ್ ಉತ್ತರ ಬಳಸಿದರೆ ಮಾತು ಬೇಗ ಸಾಗುತ್ತದೆ, ಹಿತವಾಗಿಯೂ ಇರುತ್ತದೆ. ಎದುರಿನವರಿಗೆ ನೀವು ಹತ್ತಿರದವರು, ಸಹಕರಿಸುವವರು ಅಂತಲೂ ಅನ್ನಿಸುತ್ತದೆ. ಆದರೆ ಇವನು ಎಐ ಬಳಸುತ್ತಿದ್ದಾನೆ ಅಂತ ಅನುಮಾನ ಬಂದರೆ ಎಲ್ಲ ಉಲ್ಟಾ. ನಿಜಕ್ಕೂ ಬಳಸಿದ್ದಾನಾ ಇಲ್ಲವಾ ಅನ್ನುವುದಲ್ಲ, ಅನುಮಾನ ಬಂದರೆ ಸಾಕು.

ಬ್ರಹ್ಮಾವರದ_ಮೇಷ್ಟ್ರು

ಅನುಮಾನ ಬರದೆ ಇರುತ್ತದಾ? ಕಳೆದ ತಿಂಗಳು ನಮ್ಮ ಓರಗೆಯವರೊಬ್ಬರು ತೀರಿಕೊಂಡರು. ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಸಂತಾಪ ಬಂತು. ಹನ್ನೆರಡು ಜನ ಬರೆದದ್ದರಲ್ಲಿ ಐದು ಜನರದ್ದು "ತುಂಬಲಾರದ ನಷ್ಟ", ಅದೇ ಕ್ರಮ, ಅದೇ ಅಲ್ಪವಿರಾಮ. ಒಬ್ಬನಂತೂ ಕೊನೆಯ ಸಾಲು ಅಳಿಸಲು ಮರೆತಿದ್ದ: "ಬೇಕಿದ್ದರೆ ಇದನ್ನು ಇನ್ನೂ ಚಿಕ್ಕದಾಗಿ ಬರೆದುಕೊಡಬಲ್ಲೆ."

ಅವತ್ತು ನನಗೆ ಸಮಾಧಾನ ಕೊಟ್ಟದ್ದು ಹದಿಮೂರನೆಯ ಮೆಸೇಜು. ಕಾಗುಣಿತ ತಪ್ಪು, ಪೂರ್ಣವಿರಾಮ ಇಲ್ಲ. "ಸರ್ ಅವರು ನಂಗೆ ಒಂದು ಸಲ ಚಪ್ಪಲಿ ತೆಗೆದು ಕೊಟ್ಟಿದ್ರು" ಅಂತ ಅಷ್ಟೇ.

ಪಡುಬಿದ್ರೆ_ಕಿಚನ್

ಮೇಷ್ಟ್ರೇ, ಇದು ಓದಿ ಕಣ್ಣು ತುಂಬಿತು. ಆದರೂ ನನ್ನ 63 ಶಬ್ದ ಹಾಗೇ ಇರಲಿ.

ಇನ್ನೊಂದು ಯೋಚನೆ ಬಂತು. ಎಐಗೆ ಮಾತು ಬರೆಯಲು ಕೊಡಬೇಡಿ. ಪ್ರಶ್ನೆ ಮಾತ್ರ ಕೇಳಲಿ. "ಈ ವಿಡಿಯೊದಲ್ಲಿ ಮಗು ಇದೆ, ಹೆತ್ತವರನ್ನು ಕೇಳಿದ್ದೀರಾ?" ಅಂತ, ಪೋಸ್ಟ್ ಮಾಡುವ ಮೊದಲು. ಆ 22 ಸೆಕೆಂಡು ಹಾಕಿದವನಿಗೆ ಅಲ್ಲೇ ಒಂದು ಸಲ ತಡೆದಿದ್ದರೆ 140 ಕಾಮೆಂಟು ತಿದ್ದುವ ಕೆಲಸವೇ ಇರುತ್ತಿರಲಿಲ್ಲ. ನಾವೆಲ್ಲ ಕಾಮೆಂಟಿನ ಹಿಂದೆ ಬಿದ್ದಿದ್ದೇವೆ. ಮೊದಲು ತಪ್ಪಿದ್ದು ಕತ್ತರಿಸಿದವನು ಅಲ್ವಾ?

ಕುಂದಾಪ್ರದವ

ಇದು ಸರಿ ಮಾತು. ಮಗುವಿನ ಮುಖ ಇದೆಯಾ ಅಂತ ನೋಡಲು ಮಷೀನಿಗೆ ಕುಂದಗನ್ನಡ ಬೇಡ.

ಬಂದರು_ಹುಡುಗ

ಅಡ್ಮಿನ್ ಅಣ್ಣ, ಆ ದೊಡ್ಡ ಮನುಷ್ಯರ ವಿಷಯ ಎಲ್ಲಿಗೆ ಬಂತು? ನಿಮಗೆ ಬೈದರು, ಮುಂದೆ?

ಚೌಕಿ_ಕಾವಲುಗಾರ

ಫೋನ್ ಮಾಡಿದೆ. ಬೇರೆ ದಾರಿ ಇರಲಿಲ್ಲ.

ಮೊದಲ ಐದು ನಿಮಿಷ ಅವರದ್ದೇ ವಾದ. "ನಾನು ಬೈದೆನಾ? ಒಂದು ಕೆಟ್ಟ ಶಬ್ದ ತೋರಿಸು. ವಂದನೆಗಳು ಅಂತ ಬರೆದಿದ್ದೇನೆ." ಎಐ ಹೇಳಿದ್ದೂ ಅದನ್ನೇ, ನಾನು ಏನು ಹೇಳಲಿ? ಆಮೇಲೆ ಹುಡುಗಿಯ ಅಮ್ಮ ಬರೆದದ್ದನ್ನು ಹಾಗೇ ಓದಿ ಹೇಳಿದೆ. ಆ ಕಡೆಯಿಂದ ಸದ್ದಿಲ್ಲ. ಮಳೆಯ ಶಬ್ದ ಮಾತ್ರ ಕೇಳುತ್ತಿತ್ತು. ಲೈನ್ ಕಟ್ಟಾಯಿತು ಅಂದುಕೊಂಡೆ. ಕೊನೆಗೆ "ಅವಳು ದಿಗಿಣ ಚಂದ ಹಾಕಿದ್ದಾಳೆ, ಅದೂ ಹೌದು" ಅಂದರು. ಫೋನ್ ಇಟ್ಟರು.

ವಿಡಿಯೊ ಅವತ್ತೇ ತೆಗೆದಿದ್ದೆನಲ್ಲ, ಅದರ ಜೊತೆ ಕಾಮೆಂಟೂ ಹೋಗಿತ್ತು. ಆದರೆ ಅದನ್ನೇ ಅವರು ನಮ್ಮ ಗ್ರೂಪಿನಲ್ಲೂ ಹಾಕಿದ್ದರು. ಅಲ್ಲಿ ಡಿಲೀಟ್ ಆಗುವ ಅವಧಿ ದಾಟಿತ್ತು. ನನಗೇ ಮೆಸೇಜ್ ಮಾಡಿ "ನೀನು ಅಡ್ಮಿನ್ ಅಲ್ವಾ, ತೆಗಿ" ಅಂದರು. ತೆಗೆದೆ. ಕ್ಷಮೆ ಗಿಮೆ ಇಲ್ಲ. ಮರುದಿನ ಬೆಳಗ್ಗೆ ಗ್ರೂಪ್ ಬಿಟ್ಟು ಹೋದರು. ನಾಲ್ಕನೇ ದಿನ ಲಿಂಕ್ ಕೇಳಿ ವಾಪಸ್ ಬಂದರು. ಯಾರೂ ಏನೂ ಕೇಳಲಿಲ್ಲ.

ಪಡುಬಿದ್ರೆ ಅಕ್ಕ ಹೇಳಿದ್ದನ್ನು ಇವತ್ತಿನಿಂದ ಮಾಡಿದ್ದೇನೆ. ಪೇಜಿಗೆ ಯಾರೇ ವಿಡಿಯೊ ಕಳಿಸಿದರೂ ನಾವು ಮೂವರು ಅಡ್ಮಿನ್ ನೋಡಿಯೇ ಹಾಕುವುದು. ಮಕ್ಕಳಿದ್ದರೆ ಗುರುಗಳನ್ನೂ ಮನೆಯವರನ್ನೂ ಕೇಳುವುದು. ಕೆಟ್ಟ ಶಬ್ದ ಹಿಡಿಯಲು ಫೇಸ್‌ಬುಕ್ಕಿನ ಫಿಲ್ಟರ್ ಆನ್ ಮಾಡಿದ್ದೇನೆ. ಅದರ ಪಟ್ಟಿಯಲ್ಲಿ "ಸಾವು" ಇಲ್ಲ, ಎರಡು ಸಲ ನೋಡಿದ್ದೇನೆ. ಕೋಡರ್ ತಮ್ಮ, ಕಳಿಸುವ ಮೊದಲು "ಇನ್ನೊಮ್ಮೆ ನೋಡ್ತೀರಾ ಮಾರಾಯ್ರೆ" ಅಂತ ಕೇಳುವಂಥದ್ದು ಏನಾದರೂ ಮಾಡಲಿಕ್ಕಾದರೆ ಹೇಳಿ. "ಆದಾಗ್ಯೂ" ಇರಬಾರದು.

ಮಣಿಪಾಲದ_ಕೋಡರ್

ಪೇಜಿಗೆ ಕಷ್ಟ, ಅದು ಅವರ ಕೈಯಲ್ಲಿದೆ. ನಿಮ್ಮದೇ ಒಂದು ವೆಬ್‌ಸೈಟ್ ಇದ್ದರೆ ಮಾಡಬಹುದು. ಪರೀಕ್ಷೆ ಮುಗಿಯಲಿ, ಕೂತು ಮಾತಾಡೋಣ. ತುಳು ಗೊತ್ತಿರುವ ನಾಲ್ಕು ಜನ ಬೇಕು, ಯಾವುದು ತಮಾಷೆ ಯಾವುದು ಚುಚ್ಚು ಅಂತ ಗುರುತು ಹಾಕಿಕೊಡಲು.

ಗೋಳಿಬಜೆ_ಪ್ರಿಯ

ನಾನು ರೆಡಿ. ತಮಾಷೆ ಗುರುತಿಸಲು ನನ್ನಷ್ಟು ಅನುಭವ ಯಾರಿಗೂ ಇಲ್ಲ. ಹುಡುಗಿ ಹೇಗಿದ್ದಾಳೆ ಅಣ್ಣ? ತರಗತಿಗೆ ಬರುತ್ತಿದ್ದಾಳಾ?

ಚೌಕಿ_ಕಾವಲುಗಾರ

ಮೊನ್ನೆ ಭಾನುವಾರ ಬಂದಿದ್ದಳಂತೆ. ಗೆಜ್ಜೆ ಕಟ್ಟಲಿಲ್ಲ. ಗೋಡೆಗೆ ಒರಗಿ ಕೂತು ಉಳಿದವರದ್ದು ನೋಡಿ ಹೋದಳು ಅಂತ ಅವಳಮ್ಮ ಹೇಳಿದರು.